ಸಾಲದೆಂಬ ಬಡತನ, ಸಾಕೆಂಬ ಸಿರಿ

ಹಸಿವಿಗೆ ಮಿತಿಯುಂಟು. ಹೊಟ್ಟೆ ತುಂಬಿದ ಬಳಿಕ ಮೃಷ್ಟಾನ್ನವನ್ನೇ ಮುಂದಿಟ್ಟರೂ ಕೈ ಹಿಂದೆಗೆಯುವುದು. ಬಾಯಾರಿಕೆಗೂ ಮಿತಿಯುಂಟು. ಒಂದು ತಂಬಿಗೆ ತಣ್ಣೀರು ಅದನ್ನು ತಣಿಸುವುದು. ಆದರೆ ಮನದ ಬಯಕೆಗೆ ಹೊಟ್ಟೆಯೂ ಇಲ್ಲ, ಗಂಟಲೂ ಇಲ್ಲ. ಆದುದರಿಂದಲೇ ಅದು ತುಂಬುವುದೆಂಬುದಿಲ್ಲ, ತಣಿಯುವುದೆಂಬುದಿಲ್ಲ. ಶರಣರು ಈ ಮರ್ಮವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಅಲ್ಲಮಪ್ರಭುಗಳು ಮಾಯೆಯನ್ನು ವಸ್ತುವಿನಲ್ಲಿ ಕಾಣಲಿಲ್ಲ, ವಸ್ತುವಿನ ಕಡೆಗೆ ಎಡೆಬಿಡದೆ ಹರಿಯುವ ಮನಸ್ಸಿನಲ್ಲಿ ಕಂಡರು. ಚಿನ್ನವು ಯಾರನ್ನೂ ಕರೆಯುವುದಿಲ್ಲ, ಭೂಮಿಯು ಯಾರ ಹಿಂದೆಯೂ ಓಡುವುದಿಲ್ಲ, ಓಡುವವನು ಮನುಷ್ಯನು. ಈ ತತ್ತ್ವಕ್ಕೆ ಒಂದೊಂದು ಕಾಲವೂ ಒಂದೊಂದು ದೇಶವೂ ತನ್ನದೇ ಆದ ನಿದರ್ಶನವನ್ನು ಒದಗಿಸುವುದು. ಅಂತಹ ಒಂದು ನಿದರ್ಶನವು ದೂರದ ಅಮೆರಿಕೆಯಲ್ಲಿದೆ. ಅದರ ಒಂದು ಎಳೆ ಕನ್ನಡನಾಡಿನ ಶ್ರೀರಂಗಪಟ್ಟಣದವರೆಗೂ ಹಬ್ಬಿದೆ.

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಬಂದೂಕು, ಪಿಸ್ತೂಲುಗಳನ್ನು ಸಂಗ್ರಹಿಸುವುದು ಬಹು ಜನರ ಹವ್ಯಾಸ. ನಾಣ್ಯಗಳನ್ನು ಕೂಡಿಡುವವರಂತೆ, ಅಂಚೆಚೀಟಿಗಳನ್ನು ಕೂಡಿಡುವವರಂತೆ ಅವರು ಕೋವಿಗಳನ್ನು ಕೂಡಿಡುವರು. ಅಂಥವರು ಒಂದೆಡೆ ಸೇರಿದಾಗ ಒಬ್ಬರನ್ನೊಬ್ಬರು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ಬೆಲೆಯ ಮಾತು ಹಾಗಿರಲಿ, ಯಾವ ಕೋವಿ ನಿನ್ನದಾಗಬೇಕೆಂದು ನಿನ್ನ ಕನಸು? ಆ ಕನಸಿನ ಕೋವಿಗೆ ಅವರಿಟ್ಟ ಹೆಸರು ‘ಗ್ರೇಲ್’ ಎಂಬುದು. ಈ ಹೆಸರು ಎಲ್ಲಿಂದ ಬಂದಿತೆಂಬುದು ವಿಚಾರಾರ್ಹವಾಗಿದೆ. ಏಸುಕ್ರಿಸ್ತನು ತನ್ನ ಶಿಷ್ಯರೊಡನೆ ಕಡೆಯ ಭೋಜನದಲ್ಲಿ ಬಳಸಿದನೆಂದು ಕ್ರೈಸ್ತರ ಮಧ್ಯಯುಗದ ಕಥೆಗಳು ಹೇಳುವ ಪವಿತ್ರ ಪಾತ್ರೆಯೇ ಗ್ರೇಲ್. ಅದನ್ನು ಅರಸುತ್ತ ವೀರರು ಕಾಡುಮೇಡುಗಳನ್ನು ಅಲೆದರು. ಚಿತ್ತಶುದ್ಧಿಯುಳ್ಳವನಿಗಲ್ಲದೆ ಅದು ಕಾಣದೆಂಬುದು ಆ ಕಥೆಗಳ ಸಾರ. ಅಂತಹ ಪಾತ್ರೆಯ ಹೆಸರು ಇಂದು ಉಕ್ಕಿನ ನಳಿಗೆಯೊಂದಕ್ಕೆ ಸಂದಿದೆ. ಇದರಲ್ಲಿ ಆಶ್ಚರ್ಯಪಡತಕ್ಕದ್ದೇನೂ ಇಲ್ಲ. ಮನಸ್ಸು ಯಾವುದನ್ನು ಎಲ್ಲಕ್ಕಿಂತ ಮಿಗಿಲಾಗಿ ಬಯಸುವುದೋ ಅದಕ್ಕೆ ತಾನಾಗಿಯೇ ದೇವರ ಹೆಸರನ್ನು ಇಡುವುದು. ಒಬ್ಬನ ಇಷ್ಟದೈವ ಯಾವುದೆಂದು ತಿಳಿಯಬೇಕಾದರೆ ಅವನ ಕೊರಳಿನಲ್ಲಿ ಏನಿದೆಯೆಂದು ನೋಡಿದರೆ ಸಾಲದು. ಅವನ ಕನಸಿನಲ್ಲಿ ಏನಿದೆಯೆಂದು ನೋಡಬೇಕು.

ಆ ಕನಸುಗಳಲ್ಲಿ ಕೆಲವನ್ನು ಇಲ್ಲಿ ಪರಿಶೀಲಿಸಬಹುದು. ೧೮೪೭ರಲ್ಲಿ ಸ್ಯಾಮ್ಯುಯೆಲ್ ಕೋಲ್ಟ್ ಎಂಬ ಆಯುಧ ತಯಾರಕನು ಕ್ಯಾಪ್ಟನ್ ಸ್ಯಾಮ್ಯುಯೆಲ್ ವಾಕರ್ ಎಂಬ ಸೇನಾಧಿಕಾರಿಯ ಸಲಹೆಯಂತೆ ಆರು ಗುಂಡಿನ ಭಾರಿ ರಿವಾಲ್ವರನ್ನು ನಿರ್ಮಿಸಿದನು. ಅದರ ತೂಕ ಎರಡು ಕಿಲೋಗ್ರಾಮಿಗೂ ಹೆಚ್ಚು. ಅದು ಸೊಂಟಕ್ಕೆ ಸಿಕ್ಕಿಸುವ ಆಯುಧವಲ್ಲ, ಕುದುರೆಯ ಜೀನಿಗೆ ತೂಗುಹಾಕುವ ಆಯುಧ. ಒಟ್ಟು ತಯಾರಾದುವು ಸುಮಾರು ೧,೧೦೦ ಮಾತ್ರ. ಅವುಗಳಲ್ಲಿಯೂ ಬಹುಪಾಲು ಯುದ್ಧದಲ್ಲಿ ಹಾಳಾದುವು. ಉಳಿದವುಗಳಲ್ಲಿ ತನ್ನ ಮೂಲ ಪೆಟ್ಟಿಗೆಯೊಡನೆ ಸುರಕ್ಷಿತವಾಗಿದ್ದ ಒಂದು ೨೦೧೮ರ ಹರಾಜಿನಲ್ಲಿ ೧೮ ಲಕ್ಷ ೪೦ ಸಾವಿರ ಡಾಲರುಗಳಿಗೆ ಮಾರಾಟವಾಯಿತು. ಆ ರಿವಾಲ್ವರಿಗೆ ತನ್ನ ಹೆಸರನ್ನೇ ಕೊಟ್ಟ ವಾಕರನಾದರೋ, ತನ್ನ ಪಾಲಿನ ಜೋಡಿ ಕೈಸೇರಿ ಬಹುಕಾಲ ಕಳೆಯುವ ಮುನ್ನವೇ, ೧೮೪೭ರ ಅಕ್ಟೋಬರಿನಲ್ಲಿ ಮೆಕ್ಸಿಕೋ ದೇಶದ ಯುವಾಮಾಂತ್ಲಾದ ಕಾಳಗದಲ್ಲಿ ಮಡಿದನು. ಯಾವ ಆಯುಧವು ತನ್ನನ್ನು ಕಾಯುವುದೆಂದು ಅವನು ಹಂಬಲಿಸಿ ಮಾಡಿಸಿದನೋ ಅದು ಅವನನ್ನು ಕಾಯಲಿಲ್ಲ. ಅದು ಉಳಿಯಿತು, ಅವನು ಅಳಿದನು.

ಇನ್ನೊಂದು ಕೋವಿಯ ಕಥೆ ಇದಕ್ಕಿಂತಲೂ ಗಂಭೀರವಾದುದು. ೧೮೮೧ರ ಜುಲೈ ೧೪ರ ರಾತ್ರಿ ನ್ಯೂ ಮೆಕ್ಸಿಕೋ ಪ್ರಾಂತದಲ್ಲಿ ಪ್ಯಾಟ್ ಗ್ಯಾರೆಟ್ ಎಂಬ ಅಧಿಕಾರಿಯು ‘ಬಿಲ್ಲಿ ದಿ ಕಿಡ್’ ಎಂದು ಹೆಸರಾದ ಡಕಾಯಿತನನ್ನು ಗುಂಡಿಕ್ಕಿ ಕೊಂದನು. ಸತ್ತವನು ಇಪ್ಪತ್ತರ ಆಸುಪಾಸಿನ ತರುಣ. ಕೊಂದ ರಿವಾಲ್ವರು ಆ ಕಾಲದಲ್ಲಿ ಯಾರು ಬೇಕಾದರೂ ಅಂಗಡಿಯಲ್ಲಿ ಕೊಳ್ಳಬಹುದಾಗಿದ್ದ ಸಾಧಾರಣವಾದ ಕೋಲ್ಟ್. ಅದಕ್ಕೆ ಚಿನ್ನದ ಕೆತ್ತನೆಯಿಲ್ಲ, ದಂತದ ಹಿಡಿಯಿಲ್ಲ. ಆದರೂ ೨೦೨೧ರ ಆಗಸ್ಟಿನಲ್ಲಿ ಲಾಸ್ ಏಂಜಲೀಸ್ ನಗರದ ಹರಾಜಿನಲ್ಲಿ ಅದರ ಬೆಲೆ ೬೦ ಲಕ್ಷ ಡಾಲರುಗಳನ್ನು ಮೀರಿತು. ಅದೇ ಕಾರ್ಖಾನೆಯಲ್ಲಿ, ಅದೇ ಕಾಲದಲ್ಲಿ, ಅದೇ ಉಕ್ಕಿನಿಂದ ತಯಾರಾದ ಬೇರೆ ರಿವಾಲ್ವರುಗಳಿಗೆ ಇಲ್ಲದ ಬೆಲೆ ಇದಕ್ಕೇಕೆ ಬಂದಿತು? ಒಂದು ಸಾವಿನಿಂದ ಬಂದಿತು. ದಯೆಯೇ ಧರ್ಮಕ್ಕೆ ಬೇರೆಂದು ತಿಳಿದವರು ಇಲ್ಲಿ ಕ್ಷಣಕಾಲ ನಿಲ್ಲಬೇಕು. ಬಯಕೆಯು ತನ್ನ ದಾರಿಯಲ್ಲಿ ಬಿದ್ದ ಹೆಣವನ್ನು ಕಂಡು ಹಿಂಜರಿಯಲಿಲ್ಲ. ಅದನ್ನೇ ಬೆಲೆಪಟ್ಟಿಗೆ ಸೇರಿಸಿತು.

ಮೂರನೆಯದು ವಿಂಚೆಸ್ಟರ್ ಕಂಪನಿಯ ೧೮೭೩ರ ಮಾದರಿಯ ರೈಫಲು. ಪರೀಕ್ಷೆಯಲ್ಲಿ ಗುರಿಯು ಅತ್ಯಂತ ನಿಖರವಾಗಿ ಕಂಡುಬಂದ ನಳಿಗೆಗಳನ್ನು ಆರಿಸಿ, ಅವುಗಳ ಮೇಲೆ ‘ಸಾವಿರದಲ್ಲಿ ಒಂದು’ ಎಂಬರ್ಥದ ಮಾತನ್ನು ಕೆತ್ತಿ, ೧೦೦ ಡಾಲರುಗಳಿಗೆ ಮಾರುತ್ತಿದ್ದರು. ಅಂಥವು ಹೊರಬಂದುದು ಒಂದುನೂರ ಮೂವತ್ತಕ್ಕೂ ಕೆಲವೇ ಹೆಚ್ಚು. ಆ ರೈಫಲನ್ನು ಕುರಿತು ೧೯೫೦ರಲ್ಲಿ ‘ವಿಂಚೆಸ್ಟರ್ ೭೩’ ಎಂಬ ಚಲನಚಿತ್ರವು ಬಂದಿತು. ಚಿತ್ರದಲ್ಲಿ ಒಂದೇ ರೈಫಲು ಕೈಯಿಂದ ಕೈಗೆ ಹಾಯುವುದು. ಅದನ್ನು ಕಸಿದವರು, ಮೋಸದಿಂದ ಪಡೆದವರು ಒಬ್ಬೊಬ್ಬರಾಗಿ ಸಾಯುವರು. ಕಟ್ಟಕಡೆಗೆ ಒಡಹುಟ್ಟಿದವರೇ ಎದುರುಬದುರಾಗಿ ನಿಲ್ಲುವರು. ಆಸೆಯು ಹೇಗೆ ಕೊಲ್ಲುವುದೆಂದು ತೋರಿಸುವ ಕಥೆಯದು. ಆದರೆ ನಡೆದುದೇನು? ಚಿತ್ರದ ಪ್ರಚಾರಕ್ಕಾಗಿ, ಉಳಿದಿರುವ ಅಂತಹ ರೈಫಲುಗಳು ಯಾರಲ್ಲಿವೆಯೆಂದು ನಿರ್ಮಾಪಕರು ಜಾಹೀರಾತು ಕೊಟ್ಟು ಹುಡುಕಿಸಿದರು. ಅಲ್ಲಿಯವರೆಗೆ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಕೋವಿಗಳು ಒಮ್ಮೆಲೇ ಎಲ್ಲರೂ ಹಂಬಲಿಸುವ ವಸ್ತುಗಳಾದುವು. ಆಸೆಯ ಕೇಡನ್ನು ತೋರಿಸಿದ ಕಥೆಯೇ ಆಸೆಯನ್ನು ಬೆಳೆಸಿತು! ಉಪದೇಶವು ಕಿವಿಗೆ ಬಿದ್ದರೆ ಸಾಲದು, ಅದು ನಡತೆಗೆ ಇಳಿಯಬೇಕೆಂದು ಶರಣರು ಒತ್ತಿ ಹೇಳಿದುದು ಇದಕ್ಕಾಗಿಯೇ.

ಹಾಗಾದರೆ ಈ ವಸ್ತುಗಳಲ್ಲಿ ಸೆಳೆಯುವ ಶಕ್ತಿ ಯಾವುದು? ಉಪಯೋಗವಂತೂ ಅಲ್ಲ. ಇವುಗಳಿಗಿಂತ ಹಗುರವಾದ, ಸುಲಭವಾದ ಕೋವಿಗಳು ಅಲ್ಪ ಬೆಲೆಗೆ ದೊರೆಯುವುವು. ಇವುಗಳನ್ನು ಕೊಂಡವರು ಸಾಮಾನ್ಯವಾಗಿ ಹಾರಿಸುವುದೂ ಇಲ್ಲ. ಒಂದು ಗುಂಡು ಹಾರಿಸಿದರೂ, ಹಿಡಿಯ ಮೇಲೆ ಒಂದು ಗೀರು ಬಿದ್ದರೂ ಬೆಲೆ ಕುಗ್ಗುವುದೆಂಬ ಭಯ. ಉಕ್ಕಿನ ತಿಜೋರಿಯಲ್ಲಿಯೇ ಉಳಿದು ಎಂದೂ ಹೊರಬಾರದ ಕೋವಿಯನ್ನು ಸಂಗ್ರಾಹಕರೇ ‘ತಿಜೋರಿಯ ರಾಣಿ’ ಎಂಬರ್ಥದ ಮಾತಿನಿಂದ ಹಾಸ್ಯ ಮಾಡುವರು. ಒಡೆಯನು ರಾಣಿಯನ್ನು ಆಳುವನೋ, ರಾಣಿಯೇ ಒಡೆಯನನ್ನು ಆಳುವಳೋ ಹೇಳುವುದು ಕಷ್ಟ. ಬೀಗ ಹಾಕುವವನು ಅವನು, ತೇವ ತಗಲದಂತೆ ಎಣ್ಣೆ ಸವರುವವನು ಅವನು, ಕಳ್ಳರ ಭಯದಿಂದ ನಿದ್ದೆಗೆಡುವವನೂ ಅವನೇ. ಕಾವಲುಗಾರನಿಗೂ ಅವನಿಗೂ ಇರುವ ಭೇದವೆಂದರೆ ಕಾವಲುಗಾರನಿಗೆ ಸಂಬಳವುಂಟು.

ದುರ್ಲಭತೆಯೇ ಇಲ್ಲಿಯ ಸೆಳೆತ. ಇದಕ್ಕೆ ಎರಡು ಸಾಕ್ಷಿಗಳು ಸಾಕು. ಅಮೆರಿಕೆಯ ಶಾಸನವೊಂದು ೧೯೮೬ರ ಮೇ ತಿಂಗಳ ಬಳಿಕ ತಯಾರಾದ ಯಂತ್ರಬಂದೂಕುಗಳನ್ನು ಸಾಮಾನ್ಯ ಪ್ರಜೆಗಳು ಹೊಂದದಂತೆ ತಡೆಯಿತು. ಅದಕ್ಕೆ ಮುಂಚೆ ದಾಖಲೆಯಾದುವು ಮಾತ್ರ ಕೈಬದಲಾಗಬಹುದು. ೧೯೨೦ರ ದಶಕದಲ್ಲಿ ಸುಮಾರು ೨೦೦ ಡಾಲರುಗಳಿಗೆ ದೊರೆಯುತ್ತಿದ್ದ ಥಾಂಪ್ಸನ್ ಬಂದೂಕಿಗೆ ಇಂದು ಹತ್ತಾರು ಸಾವಿರ ಡಾಲರುಗಳ ಬೆಲೆಯಿದೆ. ಬಂದೂಕು ಮೊದಲಿಗಿಂತ ಉತ್ತಮವಾಗಲಿಲ್ಲ. ಇತರರಿಗೆ ಸಿಗದಂತಾಯಿತು, ಅಷ್ಟೆ. ಎರಡನೆಯದು ಕೋಲ್ಟ್ ಕಂಪನಿಯು ೧೯೫೫ರಲ್ಲಿ ಆರಂಭಿಸಿದ ‘ಪೈಥಾನ್’ ರಿವಾಲ್ವರು. ೨೦೦೫ರ ಹೊತ್ತಿಗೆ ಅದರ ತಯಾರಿಕೆ ನಿಂತುಹೋಗಲು, ಇದ್ದವುಗಳ ಬೆಲೆ ಏರುತ್ತ ಹೋಯಿತು. ಇನ್ನೊಮ್ಮೆ ಅದನ್ನು ಮಾಡುವರೇ ಎಂದು ಹಂಬಲಿಸಿದವರು ಅನೇಕರು. ೨೦೨೦ರಲ್ಲಿ ಕಂಪನಿಯು ಅದನ್ನು ಮತ್ತೆ ತಯಾರಿಸತೊಡಗಿತು. ಆಗ ಹಂಬಲವು ತೀರಬೇಕಾಗಿತ್ತಲ್ಲವೆ? ತೀರಲಿಲ್ಲ. ಹಳೆಯದರ ಹೊಳಪು ಹೊಸದರಲ್ಲಿಲ್ಲವೆಂದು ಮನಸ್ಸು ಹಳೆಯದರ ಕಡೆಗೇ ಓಡಿತು. ಸಿಕ್ಕಿದೊಡನೆ ಬಯಕೆಯು ಸಾಯುವುದಿಲ್ಲ, ಬೇರೊಂದು ಮನೆಗೆ ಬಿಡಾರ ಬದಲಿಸುವುದು.

ಇದು ಪರದೇಶದವರ ಮರುಳೆಂದು ನಗುವುದು ಸುಲಭ. ಆದರೆ ಈ ಕನಸುಗಳಲ್ಲಿ ಕನ್ನಡನಾಡಿನ ಮಣ್ಣಿನಿಂದ ಹೋದ ವಸ್ತುಗಳೂ ಸೇರಿವೆ. ಟಿಪ್ಪು ಸುಲ್ತಾನನು ಶ್ರೀರಂಗಪಟ್ಟಣದಲ್ಲಿ ನುರಿತ ಕುಶಲಕರ್ಮಿಗಳಿಂದ ಬಂದೂಕುಗಳನ್ನು ಮಾಡಿಸಿದನು. ಅವುಗಳ ಮೇಲೆ ಹುಲಿಯ ಮುಖ, ಹುಲಿಯ ಪಟ್ಟೆ, ಬೆಳ್ಳಿಯ ಕುಸುರಿ. ೧೭೯೯ರ ಮೇ ೪ರಂದು ಕೋಟೆ ಬಿದ್ದಿತು, ಸುಲ್ತಾನನು ಮಡಿದನು. ಅವನ ಆಯುಧಗಳನ್ನು ಗೆದ್ದವರು ಹಂಚಿಕೊಂಡರು. ಹಲವು ಹಡಗನ್ನೇರಿ ಇಂಗ್ಲೆಂಡಿಗೆ ಹೋದುವು. ಒಡೆಯರು ಬದಲಾದರು, ಮನೆಗಳು ಬದಲಾದುವು. ೨೦೧೫ರ ಏಪ್ರಿಲಿನಲ್ಲಿ ಲಂಡನ್ನಿನ ಹರಾಜಿನಲ್ಲಿ ಅವನಿಗೆ ಸಂಬಂಧಿಸಿದ ಮೂವತ್ತು ವಸ್ತುಗಳು ಒಟ್ಟು ೬೦ ಲಕ್ಷ ಪೌಂಡುಗಳಿಗೂ ಹೆಚ್ಚು ಹಣಕ್ಕೆ ಮಾರಾಟವಾದುವು. ಅದರಲ್ಲಿ ಒಂದು ಬೇಟೆಯ ಬಂದೂಕೇ ೭ ಲಕ್ಷ ಪೌಂಡುಗಳನ್ನು ಮೀರಿತು. ಕೊಂಡವನು ‘ಇದು ನನ್ನದು’ ಎಂದನು. ಅವನಿಗಿಂತ ಹಿಂದಿನವನೂ ಹಾಗೆಯೇ ಎಂದಿದ್ದನು. ಅದನ್ನು ಮಾಡಿಸಿದ ದೊರೆಯೂ ಹಾಗೆಯೇ ಎಂದಿದ್ದನು. ಬಂದೂಕು ಮಾತ್ರ ಯಾರನ್ನೂ ‘ಇವನು ನನ್ನವನು’ ಎನ್ನಲಿಲ್ಲ.

ಹಣ ಹೋಗುವುದು, ನಿದ್ದೆ ಹೋಗುವುದು ಬಯಕೆಯ ಚಿಕ್ಕ ಕೇಡುಗಳು. ದೊಡ್ಡ ಕೇಡೊಂದಿದೆ, ಅದು ಸಂಗ್ರಾಹಕರು ತಮ್ಮತಮ್ಮಲ್ಲಿ ಹೇಳಿಕೊಂಡು ನಗುವ ಒಂದು ಮಾತಿನಲ್ಲಿ ಅಡಗಿದೆ. ‘ಸಾವಿಗೆ ನಾನು ಅಂಜುವುದಿಲ್ಲ. ನಾನು ಸತ್ತ ಮೇಲೆ ನನ್ನ ಹೆಂಡತಿ ಈ ಕೋವಿಗಳನ್ನು, ನಾನು ಅವಳಿಗೆ ಹೇಳಿದ ಬೆಲೆಗೇ ಮಾರಿಬಿಡುವಳೆಂದು ಅಂಜುವೆನು’ ಎಂಬುದೇ ಆ ಹಾಸ್ಯ. ಕೇಳಿದವರು ನಗುವರು. ನಕ್ಕ ಬಳಿಕ ವಿಚಾರಿಸಬೇಕು. ಸಾವಿರ ಕೊಟ್ಟು ತಂದುದನ್ನು ಮನೆಯಲ್ಲಿ ನೂರು ಎಂದು ಹೇಳಿದ್ದಾಯಿತು. ಮಕ್ಕಳ ಓದಿಗೋ ಮನೆಯ ಮಾಡಿಗೋ ಇರಬಹುದಾದ ಹಣವು ಸದ್ದಿಲ್ಲದೆ ತಿಜೋರಿಗೆ ಇಳಿಯಿತು. ಕೈಹಿಡಿದವಳು ಆ ಸುಳ್ಳನ್ನು ನಿಜವೆಂದು ನಂಬಿ ಬಾಳಿದಳು. ಮೊದಲನೆಯ ದಿನ ಕೊಟ್ಟುದು ಹಣ. ಎರಡನೆಯ ದಿನ ಕೊಟ್ಟುದು ಸತ್ಯ. ಹಣವನ್ನು ಮರಳಿ ಗಳಿಸಬಹುದು. ಗಂಡಹೆಂಡಿರ ನಡುವಿನ ನಂಬಿಕೆಯು ಒಮ್ಮೆ ಸೋರಿದರೆ ಯಾವ ಹರಾಜಿನಲ್ಲಿಯೂ ಅದು ದೊರೆಯದು.

ಕಲ್ಯಾಣದ ಒಂದು ಬಡಮನೆಯನ್ನು ಇಲ್ಲಿ ನೆನೆಯಬೇಕು. ಅಮರೇಶ್ವರದಿಂದ ಬಂದ ಮಾರಯ್ಯನೂ ಅವನ ಸತಿ ಲಕ್ಕಮ್ಮನೂ ಅಲ್ಲಿ ನೆಲೆಸಿದ್ದರು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮ ದಾಸೋಹವನ್ನು ನಡೆಸುವುದು ಅವರ ಕಾಯಕ. ಅದರಿಂದಲೇ ‘ಆಯ್ದಕ್ಕಿ’ ಎಂಬ ಹೆಸರು ಬಂದಿತು. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಆ ದಿನ ಅಂಗಳದಲ್ಲಿ ಹೆಚ್ಚಾಗಿ ಚೆಲ್ಲುವಂತೆ ಮಾಡಿದವರು ಬಸವಣ್ಣನವರೇ ಎಂದು ಕಥೆ ಹೇಳುವುದು. ಕದ್ದುದಲ್ಲ, ಬೇಡಿದುದಲ್ಲ, ನೆಲದ ಮೇಲೆ ಬಿದ್ದುದನ್ನು ಆಯ್ದುದು. ಅನ್ಯಾಯವೆಲ್ಲಿದೆ? ಆದರೆ ಲಕ್ಕಮ್ಮನ ಕೈ ಆ ಗಂಟಿನ ಭಾರವನ್ನು ಬಲ್ಲುದು. ನಿತ್ಯದ ಅಳತೆಗೆ ಇದು ಹೆಚ್ಚೆಂದು ಆಕೆ ತಿಳಿದಳು. ಹೆಚ್ಚು ತರಬೇಕೆನಿಸಿದ ಮನಸ್ಸೇ ಬಡತನವೆಂದು ಪತಿಗೆ ತಿಳಿಹೇಳಿದಳು. ಮಿಕ್ಕುದನ್ನು ಇದ್ದಲ್ಲಿಗೇ ಸುರಿದು ಬರುವಂತೆ ಕಳುಹಿದಳು. ಮಾರಯ್ಯನು ವಾದಿಸಲಿಲ್ಲ, ಮುನಿಯಲಿಲ್ಲ. ಮರಳಿ ಹೋಗಿ ಸುರಿದು ಬಂದನು.

ಈ ಕಥೆಯನ್ನು ಕೇಳುವವರು ಸಾಮಾನ್ಯವಾಗಿ ಲಕ್ಕಮ್ಮನ ನಿಸ್ಪೃಹತೆಯನ್ನು ಕೊಂಡಾಡುವರು. ಕೊಂಡಾಡತಕ್ಕದ್ದೇ. ಆದರೆ ಅದರಲ್ಲಿ ಇನ್ನೊಂದು ಸಂಗತಿಯಿದೆ. ಮಾರಯ್ಯನು ಗಂಟನ್ನು ಬಚ್ಚಿಡಲಿಲ್ಲ. ತಂದುದನ್ನು ತಂದಂತೆಯೇ ಸತಿಯ ಮುಂದಿಟ್ಟನು. ಅವನು ಎಡವಿದನು, ಆದರೆ ಮರೆಮಾಚಲಿಲ್ಲ. ಮರೆಮಾಚದವನನ್ನು ತಿದ್ದುವುದು ಸಾಧ್ಯ. ಸತಿಪತಿಗಳು ಒಂದಾಗಿ ನಡೆಯುವ ಭಕ್ತಿಯೆಂದರೆ ಇದೇ: ಒಬ್ಬರ ‘ಸಾಲದು’ ಎಂಬ ಮಾತಿಗೆ ಇನ್ನೊಬ್ಬರ ‘ಸಾಕು’ ಎಂಬ ಮಾತು ಆಸರೆಯಾಗಬೇಕು. ಅಮೆರಿಕೆಯ ಸಂಗ್ರಾಹಕನ ಮನೆಯಲ್ಲಿ ವಸ್ತು ನೂರಾರು. ಅವುಗಳ ಬೆಲೆಯನ್ನು ಹೇಳುವ ಧೈರ್ಯವಿಲ್ಲ. ಕಲ್ಯಾಣದ ಆ ಗುಡಿಸಲಿನಲ್ಲಿ ಇದ್ದುದು ಒಂದು ಹೊತ್ತಿನ ಅಕ್ಕಿ. ಅದರ ಕಾಳುಕಾಳಿಗೂ ಲೆಕ್ಕವಿತ್ತು, ಲೆಕ್ಕಕ್ಕೆ ಸಾಕ್ಷಿಯಿತ್ತು. ಸಿರಿವಂತರು ಯಾರೆಂಬುದನ್ನು ಓದುವವರೇ ನಿರ್ಣಯಿಸಲಿ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಒಳ್ಳೆಯ ಕೆಲಸಗಾರನ ಕೈಯಿಂದ ಹೊರಬಂದ ವಸ್ತುವನ್ನು ಮೆಚ್ಚುವುದೂ ಪಾಪವೇ? ಹಳೆಯ ವಸ್ತುಗಳನ್ನು ಯಾರೂ ಕಾಪಾಡದಿದ್ದರೆ ಇತಿಹಾಸವು ಅಳಿದುಹೋಗದೇ? ಈ ಮಾತಿನಲ್ಲಿ ಸತ್ಯವಿದೆ. ಕಾಯಕವನ್ನು ಪೂಜ್ಯವೆಂದ ಶರಣರು ಕುಶಲಕರ್ಮಿಯ ಕೈಯನ್ನು ಕಡೆಗಣಿಸುವವರಲ್ಲ. ಮೆಚ್ಚುವುದು ಬೇರೆ, ಹಂಬಲಿಸುವುದು ಬೇರೆ. ಪರರ ಗೋಡೆಯ ಮೇಲಿರುವುದನ್ನು ಕಂಡು ಸಂತೋಷಪಟ್ಟು ಮರಳಿ ಮನೆಗೆ ಬಂದು ಸುಖವಾಗಿ ಮಲಗುವವನು ಮೆಚ್ಚಿದವನು. ಮನೆಗೆ ಬಂದು ತನ್ನ ಗೋಡೆಯನ್ನು ನೋಡಿ ನಿಟ್ಟುಸಿರಿಡುವವನು ಹಂಬಲಿಸಿದವನು. ಕಂಡ ವಸ್ತು ಒಂದೇ, ತಂದ ಫಲ ಬೇರೆಬೇರೆ.

ಆ ಸಂಗ್ರಾಹಕರ ನಡುವೆಯೂ ಬೇರೆ ಬಗೆಯವರುಂಟು. ಕನಸಿನ ಕೋವಿ ಯಾವುದೆಂದು ಕೇಳಿದಾಗ ಒಬ್ಬನು ವಾಕರ್ ಎನ್ನುವನು, ಇನ್ನೊಬ್ಬನು ವಿಂಚೆಸ್ಟರ್ ಎನ್ನುವನು. ಯಾರೋ ಒಬ್ಬನು ಮಾತ್ರ, ‘ನನ್ನ ಅಜ್ಜನು ಬಿಟ್ಟುಹೋದ ಹಳೆಯ ಬೇಟೆಕೋವಿ ನನ್ನಲ್ಲಿದೆ, ನನಗೆ ಅದು ಸಾಕು’ ಎನ್ನುವನು. ಆ ಕೋವಿಗೆ ಹರಾಜಿನಲ್ಲಿ ಹೇಳಿಕೊಳ್ಳುವ ಬೆಲೆಯಿರಲಾರದು. ಅದರ ಹಿಡಿಯು ಅಜ್ಜನ ಕೈ ಸವೆದು ನುಣುಪಾಗಿರುವುದು; ಅವನಿಗೆ ಅದೇ ಅದರ ಬೆಲೆ. ಅವನು ಹಂಬಲವನ್ನು ಗೆದ್ದುದು ವಸ್ತುವನ್ನು ಎಸೆದಲ್ಲ, ಇದ್ದುದನ್ನು ಕಣ್ತುಂಬ ನೋಡಿ.

ಕೊಡಗಿನಲ್ಲಿಯೂ ಇಂತಹ ಭಾವವನ್ನು ಕಾಣಬಹುದು. ಕೊಡವರಿಗೆ ಬಂದೂಕಿನ ಪರವಾನಗಿಯಿಂದ ಬ್ರಿಟಿಷರ ಕಾಲದಿಂದಲೂ ವಿನಾಯಿತಿಯಿದೆ; ಭಾರತ ಸರಕಾರವು ೨೦೧೯ರಲ್ಲಿ ಅದನ್ನು ೨೦೨೯ರವರೆಗೆ ಮುಂದುವರಿಸಿತು. ಕೈಲ್‌ಪೊಳ್ದ್ ಹಬ್ಬದಂದು ಮನೆಯ ಕೋವಿಯನ್ನು ಶುಚಿಗೊಳಿಸಿ, ‘ತೋಕ್ ಪೂ’ ಎಂಬ ಹೂವನ್ನು ಮುಡಿಸಿ ಪೂಜಿಸುವರು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸುವ ಸಂಪ್ರದಾಯವಿದೆ. ಅಲ್ಲಿ ಕೋವಿಗೆ ಮರ್ಯಾದೆ ಬಂದುದು ಅದು ಅಪೂರ್ವವೆಂಬುದರಿಂದಲ್ಲ, ಮನೆಯ ಹುಟ್ಟುಸಾವುಗಳಿಗೆ ಅದು ಸಾಕ್ಷಿಯೆಂಬುದರಿಂದ.

ದೇಶದ ಇತರರಿಗಾದರೋ ಕಾನೂನಿನ ಕಟ್ಟುಂಟು. ೨೦೧೯ರ ತಿದ್ದುಪಡಿಯ ಬಳಿಕ ಒಬ್ಬನು ಸಾಮಾನ್ಯವಾಗಿ ಎರಡು ಬಂದೂಕುಗಳಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಅದಕ್ಕೆ ಮುಂಚೆ ಮೂರಕ್ಕೆ ಅವಕಾಶವಿತ್ತು. ಕಾನೂನು ಕೈಗೆ ಎಣಿಕೆಯನ್ನು ಹೇಳಬಲ್ಲುದು. ಮನಸ್ಸಿಗೆ ಎಣಿಕೆಯನ್ನು ಹೇಳುವವರು ಯಾರು? ಅದನ್ನು ಮನಸ್ಸೇ ಹೇಳಿಕೊಳ್ಳಬೇಕು, ಇಲ್ಲವೇ ಲಕ್ಕಮ್ಮನಂತಹ ಒಡನಾಡಿಗಳು ನೆನಪಿಸಬೇಕು.

ಭಕ್ತರ ಮನೆಗಳಲ್ಲಿ ಕೋವಿಗಳ ತಿಜೋರಿ ಇರಲಾರದು. ಆದರೆ ತಿಜೋರಿಯ ರಾಣಿಯರು ಇಲ್ಲದಿಲ್ಲ. ವರ್ಷಕ್ಕೊಮ್ಮೆಯೂ ಮೈಗೇರದ ಒಡವೆ ಅಂಥದೇ; ಮಡಿಕೆ ಬಿಚ್ಚದ ರೇಷ್ಮೆ ಸೀರೆಯೂ ಅಂಥದೇ; ಉಳಲಾರದೆ ಬೀಳುಬಿಟ್ಟರೂ ನೆರೆಯವನ ಬದುವಿನವರೆಗೆ ವಿಸ್ತರಿಸಬೇಕೆಂಬ ಹೊಲವೂ ಅಂಥದೇ. ಸಾಲ ಮಾಡಿ ತಂದು ಕಂತಿನ ಮೊತ್ತವನ್ನು ಮನೆಯವರಿಗೆ ಮರೆಮಾಚಿದ ವಾಹನವೂ ಅಂಥದೇ. ಪ್ರತಿಯೊಬ್ಬ ಗೃಹಸ್ಥನೂ ಗೃಹಿಣಿಯೂ ಒಂದು ಸಂಜೆ ಲಿಂಗಪೂಜೆಯನ್ನು ಮುಗಿಸಿ ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು. ಈ ಮನೆಯಲ್ಲಿ ಉಪಯೋಗಕ್ಕೆ ಬಾರದೆ ಕಾವಲು ಮಾತ್ರ ಬೇಡುವ ವಸ್ತು ಯಾವುದು? ಬೆಲೆಯನ್ನು ನಿಜವಾಗಿ ಹೇಳಲಾರದ ವಸ್ತು ಯಾವುದು? ದಾಸೋಹಕ್ಕೆ ಸಲ್ಲಬೇಕಾದುದು ಎಲ್ಲಿ ಬೀಗದೊಳಗೆ ಕುಳಿತಿದೆ? ಉತ್ತರಗಳು ಕಹಿಯಾಗಿರಬಹುದು. ಆದರೆ ಮಾರಯ್ಯನಿಗೆ ಅಂಗಳಕ್ಕೆ ಮರಳುವ ದಾರಿ ತೆರೆದಿದ್ದಂತೆ ಎಲ್ಲರಿಗೂ ಆ ದಾರಿ ತೆರೆದಿದೆ. ಒಂದು ಸುಳ್ಳು ಬೆಲೆಯನ್ನು ಇಂದು ರಾತ್ರಿಯೇ ತಿದ್ದಿ ಹೇಳುವುದು ಯಾವ ತೀರ್ಥಯಾತ್ರೆಗೂ ಕಡಿಮೆಯಲ್ಲ.

ಅಂಗೈಯಲ್ಲಿ ಇಷ್ಟಲಿಂಗವನ್ನು ಹಿಡಿದು ಕುಳಿತ ಭಕ್ತನ ಮುಂದೆ ಜಗತ್ತಿನ ಎಲ್ಲ ಹರಾಜುಗಳೂ ನಡೆಯುತ್ತಿರಲಿ. ಅವನ ಕೈ ತುಂಬಿದೆ. ಇನ್ನೊಂದನ್ನು ಹಿಡಿಯಲು ಅಲ್ಲಿ ಎಡೆಯಿಲ್ಲ. ಗ್ರೇಲನ್ನು ಅರಸಿ ಹೋದವರು ಕಾಡುಗಳನ್ನು ಅಲೆದರು. ಶರಣನು ತಾನು ಅರಸುವುದನ್ನು ಅಂಗೈಯಲ್ಲಿಯೇ ಕಂಡನು. ಕೈಯಲ್ಲಿರುವುದನ್ನು ಕಾಣುವ ಕಣ್ಣೂ, ‘ಸಾಕು’ ಎನ್ನುವ ನಾಲಗೆಯೂ, ಆ ಮಾತಿಗೆ ಜೊತೆಯಾಗುವ ಸತಿಪತಿಗಳೂ ಇರುವ ಮನೆಯು ಗುಡಿಸಲಾದರೂ ಕಲ್ಯಾಣವೇ ಸರಿ. ಅಂತಹ ಮನೆಗಳು ನಾಡಿನಲ್ಲಿ ಹೆಚ್ಚಲಿ.